ಪಂಚಾಯಿತಿ, ಪಾಲಿಕೆಯ ಖಾಲಿ ಕಟ್ಟಡ ಸಂಘದ ಕೈಗೆ ಬರಬೇಕಾದರೆ

ಬೀಗ ಜಡಿದ ಸಮುದಾಯ ಭವನ, ಹೊಸ ಕಚೇರಿ ಕಟ್ಟಿದ ಮೇಲೆ ಬಿಟ್ಟುಹೋದ ಹಳೆ ಪಂಚಾಯಿತಿ ಕೊಠಡಿ, ಬಡಾವಣೆಯ ಮೂಲೆಯಲ್ಲಿ ಪಾರ್ಥೇನಿಯಂ ಬೆಳೆದು ನಿಂತ ನಿವೇಶನ. ಮೈಸೂರು, ಮಂಡ್ಯ ಸೀಮೆಯಲ್ಲಿ ಇಂಥವು ಬೇಕಾದಷ್ಟಿವೆ. ಇವನ್ನು ನಡೆಸಲು ಮುಂದೆ ಬರುವ ಮಹಿಳಾ ಒಕ್ಕೂಟಗಳೂ ಯುವಕ ಸಂಘಗಳೂ ಕಡಿಮೆಯೇನಿಲ್ಲ. ಆದರೆ ಬರುವ ಅರ್ಜಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸಾಲು: ‘ಸದರಿ ಕಟ್ಟಡವನ್ನು ನಮ್ಮ ಸಂಘಕ್ಕೆ ನೀಡಬೇಕಾಗಿ ವಿನಂತಿ.’ ಯಾವ ಹಕ್ಕಿನ ಮೇಲೆ, ಎಷ್ಟು ವರ್ಷಕ್ಕೆ, ಎಷ್ಟು ಬಾಡಿಗೆಗೆ, ಏನು ಕೆಲಸಕ್ಕೆ ಎಂಬುದಿಲ್ಲ. ಅಂಥ ಅರ್ಜಿಗೆ ಸಹಿ ಹಾಕಲು ಯಾವ ಪಿಡಿಒಗೂ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ) ಧೈರ್ಯ ಬರುವುದಿಲ್ಲ. ಕೆಲಸಕ್ಕೆ ಎಷ್ಟು ಹಕ್ಕು ಬೇಕೋ ಅಷ್ಟನ್ನೇ ಕೇಳಿ, ಅದನ್ನು ಕಾಗದದಲ್ಲಿ ಗಟ್ಟಿ ಮಾಡಿಕೊಳ್ಳುವುದು ಜಾಣತನ.

ಮೊದಲು ಅದು ಯಾರ ಆಸ್ತಿ ಎಂದು ನೋಡಿ

ಊರ ನಡುವೆ ಇದೆ ಎಂದ ಮಾತ್ರಕ್ಕೆ ಅದು ಪಂಚಾಯಿತಿಯದಾಗುವುದಿಲ್ಲ. ಗೋಮಾಳ ಕಂದಾಯ ಇಲಾಖೆಯದು. 1966ರ ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಲೆಕ್ಕದಲ್ಲಿ ಮೇವಿಗೆ ಬಿಡಬೇಕಾದ ಜಾಗ ಅದು. ಪಂಚಾಯಿತಿ ಅದನ್ನು ಯಾರಿಗೂ ಕೊಡಲಾಗದು. ವಿಶ್ವೇಶ್ವರಯ್ಯ ನಾಲೆಯ ಏರಿ ಪಕ್ಕದ ಖಾಲಿ ಜಾಗ ನೋಡಲು ಊರಿನದೇ ಅನ್ನಿಸುತ್ತದೆ, ಆದರೆ ನಾಲೆ ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ. ಹಳೆ ಶಾಲೆಯಾದರೆ ಶಿಕ್ಷಣ ಇಲಾಖೆಯನ್ನು ಕೇಳಬೇಕು, ಅಂಬೇಡ್ಕರ್ ಭವನವಾದರೆ ಸಮಾಜ ಕಲ್ಯಾಣ ಇಲಾಖೆಯನ್ನು, ದೇವಸ್ಥಾನದ ಛತ್ರವಾದರೆ ಮುಜರಾಯಿಯನ್ನು. ಡೇರಿ ಕಟ್ಟಡದಲ್ಲಿ ಇನ್ನೊಂದು ತೊಡಕು: ನೆಲ ಪಂಚಾಯಿತಿಯದು, ಗೋಡೆ ಹಾಲು ಉತ್ಪಾದಕರ ಸಂಘದ್ದು ಆಗಿರಬಹುದು.

ಸಮುದಾಯ ಭವನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸರ್ಕಾರಿ ಕಟ್ಟಡ ಕಟ್ಟುವ ನಿರ್ಮಿತಿ ಕೇಂದ್ರವೋ ಕೆಆರ್‌ಐಡಿಎಲ್ಲೋ ಕಟ್ಟಿ ಮುಗಿಸಿ, ಉದ್ಘಾಟನೆಯೂ ಆಗಿ, ಹಸ್ತಾಂತರದ ಕಾಗದ ಮಾತ್ರ ಆಗದೆ ಉಳಿದಿರುತ್ತದೆ. ಪಂಚಾಯಿತಿಯ ಸ್ಥಿರಾಸ್ತಿ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದ ಕಟ್ಟಡವನ್ನು ಪಂಚಾಯಿತಿ ನಿಮಗೆ ಬರೆದುಕೊಡಲು ಬರುವುದಿಲ್ಲ. ಹಾಗಿದ್ದರೆ ನಿಮ್ಮ ಮೊದಲ ಅರ್ಜಿ ಗುತ್ತಿಗೆಗಲ್ಲ, ಹಸ್ತಾಂತರ ಮಾಡಿಸಿಕೊಳ್ಳಿ ಎಂದು ಪಂಚಾಯಿತಿಗೆ.

ನೋಡಬೇಕಾದ ಕಾಗದಗಳು: ಗ್ರಾಮಠಾಣದೊಳಗಿನ ಆಸ್ತಿಗೆ ಇ-ಸ್ವತ್ತಿನ (ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳ ಗಣಕೀಕೃತ ದಾಖಲೆಯ) ನಮೂನೆ 9 ಮತ್ತು 11, ಸರ್ವೆ ನಂಬರಿನ ಜಮೀನಿಗೆ ಪಹಣಿ (9ನೇ ಕಲಂನಲ್ಲಿ ಹಕ್ಕುದಾರರು, 11ರಲ್ಲಿ ಇತರ ಹಕ್ಕು ಮತ್ತು ಋಣಗಳು) ಹಾಗೂ ಸರ್ವೆ ನಕ್ಷೆ, ನಗರದಲ್ಲಿ ಇ-ಖಾತೆ, ಎಲ್ಲದಕ್ಕೂ ಋಣಭಾರ ಪತ್ರ. ಕೇಳಿದರೆ ಕೊಡದಿದ್ದಲ್ಲಿ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ; ಉತ್ತರಕ್ಕೆ 30 ದಿನದ ಗಡುವಿದೆ. ಅದೇ ಅರ್ಜಿಯಲ್ಲಿ ಆ ಕಟ್ಟಡದ ಬಗ್ಗೆ ಹಿಂದೆ ಆದ ನಡಾವಳಿಗಳ (ಸಭೆಯ ನಿರ್ಣಯಗಳ) ಪ್ರತಿಯನ್ನೂ ಕೇಳಿ. ಹತ್ತು ವರ್ಷದ ಹಿಂದೆ ಇನ್ನಾವುದೋ ಸಂಘಕ್ಕೆ ಕೊಟ್ಟ ನಡಾವಳಿ ರದ್ದಾಗದೆ ಉಳಿದಿದ್ದರೆ ಅದು ನಿಮ್ಮ ಕಡತ ಅರ್ಧ ದಾರಿಗೆ ಬಂದಾಗಲೇ ಎದ್ದು ನಿಲ್ಲುತ್ತದೆ.

ನಗರದ ಉದ್ಯಾನ ಮತ್ತು ಆಟದ ಮೈದಾನಗಳ ಆಸೆ ಬಿಟ್ಟುಬಿಡಿ. 1985ರ ರಾಜ್ಯ ಕಾಯ್ದೆ ಅವುಗಳ ಪರಭಾರೆಗೆ ಅಡ್ಡ ನಿಂತಿದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಆಸ್ಪತ್ರೆಗೆ ಕೊಟ್ಟದ್ದನ್ನೇ ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಗಿಡಕ್ಕೆ ನೀರು ಹಾಕಿ, ಕಸ ತೆಗೆದು ನೋಡಿಕೊಳ್ಳುವ ನಿರ್ವಹಣೆ ಒಪ್ಪಂದ ಬೇರೆ ಮಾತು. ಬಡಾವಣೆಯ ಸಿಎ ನಿವೇಶನ (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಬೇಕಿದ್ದರೆ ಪಾಲಿಕೆಗೆ ಅಲೆಯಬೇಡಿ. ಅದು ನಗರಾಭಿವೃದ್ಧಿ ಪ್ರಾಧಿಕಾರದ್ದು. ಅವರು ಪ್ರಕಟಣೆ ಹೊರಡಿಸಿದಾಗ ಅರ್ಜಿ ಹಾಕಬೇಕು, ಸಾಮಾನ್ಯವಾಗಿ 30 ವರ್ಷದ ಗುತ್ತಿಗೆ.

ಯಾವ ಹಕ್ಕು ಕೇಳುವುದು

ಮಾರಾಟದ ಮಾತು ಎತ್ತಲೇಬೇಡಿ. ಸ್ಥಳೀಯ ಸಂಸ್ಥೆಯ ಸ್ಥಿರಾಸ್ತಿ ಮಾರಾಟಕ್ಕೆ ಸರ್ಕಾರದ ಹಂತಕ್ಕೆ ಹೋಗಬೇಕು, ಮಾರುಕಟ್ಟೆ ಬೆಲೆ ಕಟ್ಟಬೇಕು. ಸಂಘಕ್ಕೆ ಅದರಿಂದ ಆಗುವ ಲಾಭ ಕಡಿಮೆ. ಉಳಿದದ್ದು ಮೂರು ದಾರಿ.

ನಿರ್ವಹಣೆ ಒಪ್ಪಂದ: ಕಟ್ಟಡವೂ ಅದರ ಸ್ವಾಧೀನವೂ ಪಂಚಾಯಿತಿಯದೇ, ನಡೆಸುವುದು ನೀವು. ಗ್ರಾಮ ಪಂಚಾಯಿತಿಗಳ ಒಣ ಕಸ ಘಟಕಗಳನ್ನು ಸಂಜೀವಿನಿ ಯೋಜನೆಯ ಮಹಿಳಾ ಒಕ್ಕೂಟಗಳು ನಡೆಸುತ್ತಿರುವುದು ಹೀಗೆಯೇ. ಬೇಗ ಆಗುತ್ತದೆ, ಖರ್ಚಿಲ್ಲ. ಆದರೆ ಇದನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳಲಾಗದು.

ಅನುಮತಿ: ವಾರದಲ್ಲಿ ಇಷ್ಟು ದಿನ, ದಿನದಲ್ಲಿ ಇಷ್ಟು ಹೊತ್ತು ಬಳಸಲು ಪರವಾನಗಿ. ಹೊಲಿಗೆ ತರಗತಿ, ಸಂಜೆ ಪಾಠ, ಯೋಗಕ್ಕೆ ಇದು ಸಾಕು. ಇಂಥ ಅನುಮತಿಯ ಮೇಲೆ ಸ್ವಂತ ದುಡ್ಡು ಹಾಕಿ ಶಾಶ್ವತ ಕಟ್ಟೋಣ ಮಾಡಿಬಿಟ್ಟರೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ 60ನೇ ಕಲಂ ಪ್ರಕಾರ ಅನುಮತಿ ಹಿಂಪಡೆಯುವುದು ಕಷ್ಟವಾಗುತ್ತದೆ. ಅದಕ್ಕೇ ‘ಶೌಚಾಲಯ ನಾವೇ ಕಟ್ಟಿಕೊಳ್ಳುತ್ತೇವೆ’ ಎಂದರೆ ಅಧಿಕಾರಿಗಳು ಹಿಂಜರಿಯುತ್ತಾರೆ. ಏನು ಕಟ್ಟಿದರೂ ಅದು ಪಂಚಾಯಿತಿಗೇ ಸೇರುತ್ತದೆ ಎಂದು ಮುಂಚೆಯೇ ಬರೆದುಕೊಟ್ಟರೆ ಆ ಅಳುಕು ಹೋಗುತ್ತದೆ.

ಗುತ್ತಿಗೆ: ರಿಪೇರಿಗೆ ಲಕ್ಷಗಟ್ಟಲೆ ಹಾಕುವವರಿಗೆ, ಯಂತ್ರ ಕೂರಿಸುವವರಿಗೆ ಇದೇ ಬೇಕು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ನೂರು ರೂಪಾಯಿ ಛಾಪಾ ಕಾಗದದಲ್ಲಿ ಹತ್ತು ವರ್ಷ ಎಂದು ಬರೆದು ನೋಟರಿ ಮಾಡಿಸಿದರೆ, ಆ ಹತ್ತು ವರ್ಷಕ್ಕೆ ನ್ಯಾಯಾಲಯದಲ್ಲಿ ಬೆಲೆ ಸಿಗದು. 11 ತಿಂಗಳ ಕರಾರು ಸುಲಭ ನಿಜ. ಆದರೆ 11 ತಿಂಗಳ ನೆಲೆಯ ಮೇಲೆ ನಾಲ್ಕು ಲಕ್ಷದ ಯಂತ್ರ ಹಾಕುವುದು ದುಡುಕು. ಹಾಗೆಂದು 30 ವರ್ಷಕ್ಕೂ ಕೇಳಬೇಡಿ. ಅವಧಿ ಹೆಚ್ಚಿದಷ್ಟೂ ಅನುಮೋದನೆ ಮೇಲಿನ ಕಚೇರಿಗೆ ಹೋಗುತ್ತದೆ, ಮುದ್ರಾಂಕ ಶುಲ್ಕವೂ ಏರುತ್ತದೆ. ನಿಮ್ಮ ಸಾಲದ ಕಂತು ಮುಗಿಯುವ ಅವಧಿಗೆ ಒಂದೆರಡು ವರ್ಷ ಸೇರಿಸಿ ಕೇಳುವುದು ಸರಿಯಾದ ಅಳತೆ.

ಸಂಘದ ಕಾಗದ

ಬರೀ ಸ್ವಸಹಾಯ ಗುಂಪಿನ ಹೆಸರಿನಲ್ಲಿ ಗುತ್ತಿಗೆ ಬರೆಸಲು ಹೋಗಬೇಡಿ. ಅದಕ್ಕೆ ಕಾನೂನಿನ ವ್ಯಕ್ತಿತ್ವವಿಲ್ಲ. ಮೇಲಿನ ಒಕ್ಕೂಟ ನೋಂದಣಿ ಆಗಿದ್ದರೆ ಅದರ ಹೆಸರಿನಲ್ಲಿ ಕೇಳಿ. ಇಲ್ಲವಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಬೇಕು. ಬೈಲಾದಲ್ಲಿ ಸ್ಥಿರಾಸ್ತಿ ಗುತ್ತಿಗೆಗೆ ಪಡೆಯುವ ಅಧಿಕಾರ ಯಾರಿಗಿದೆ, ಸಹಿ ಯಾರದ್ದು ಎಂಬುದಿರಲಿ. ವಾರ್ಷಿಕ ಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸುವುದನ್ನು ಬಹಳಷ್ಟು ಯುವಕ ಸಂಘಗಳು ಮರೆತೇ ಬಿಟ್ಟಿರುತ್ತವೆ. ಬಾಕಿ ಇದ್ದರೆ ದಂಡ ಕಟ್ಟಿ ಸರಿಮಾಡಿಕೊಂಡೇ ಅರ್ಜಿ ಹಾಕಿ.

ಪಂಚಾಯಿತಿ ಸದಸ್ಯರು ಯಾರಾದರೂ ಸಂಘದ ಪದಾಧಿಕಾರಿಯಾಗಿದ್ದರೆ ಮೊದಲೇ ಹೊರಬರಲಿ. ಪಂಚಾಯಿತಿಯ ಜೊತೆಗಿನ ಕರಾರಿನಲ್ಲಿ ಸದಸ್ಯರಿಗೆ ಪಾಲಿದ್ದರೆ ಸದಸ್ಯತ್ವಕ್ಕೇ ಕುತ್ತು. ಎದುರು ಗುಂಪಿನವರು ಮೊದಲು ಹಿಡಿಯುವ ಎಳೆಯೂ ಅದೇ.

ಕಟ್ಟಡವನ್ನು ತಾರಸಿಯಿಂದ ನೋಡಿ

ಬಣ್ಣ ನೋಡಿ ಮರುಳಾಗಬೇಡಿ. ಆರ್‌ಸಿಸಿ ತಾರಸಿಯಾದರೆ ನೀರಿಳಿಯುವ ಕೊಳವೆ ಮುಚ್ಚಿ ಎರಡು ಇಂಚು ನೀರು ಕಟ್ಟಿ 48 ಗಂಟೆ ಬಿಡಿ. ಕೆಳಗೆ ತೇವ ಎಲ್ಲಿ ಮೂಡುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. 600 ಚದರಡಿಗೆ ಇದು ಸುಮಾರು 2.8 ಟನ್ ಭಾರ. ಹಾಗಾಗಿ ಪ್ಲಾಸ್ಟರ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಈ ಪರೀಕ್ಷೆ ಬೇಡ, ನೇರ ಎಂಜಿನಿಯರನ್ನು ಕರೆಸಿ. ಮೈಸೂರಿನ ಹಳೆ ಗಾರೆ ಕಟ್ಟಡಗಳ ಮದ್ರಾಸ್ ತಾರಸಿಯಲ್ಲಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸೂರಿನಲ್ಲಿ) ದೋಷ ಇರುವುದು ಮರದ ತೊಲೆಯ ತುದಿಯಲ್ಲಿ, ಗೋಡೆಯೊಳಗೆ ಹುದುಗಿದ ಭಾಗದಲ್ಲಿ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಕೊಳೆತಿರುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಇನ್ನೂ ಬೇಗ ಹಾಳಾಗುತ್ತದೆ. ಪಾಲಿಕೆಯದೇ ಆದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೆ ಕಟ್ಟಡವಾದರೆ ದೃಢತಾ ಪ್ರಮಾಣಪತ್ರ ಇಲ್ಲದೆ ಕೀಲಿ ಪಡೆಯಬೇಡಿ. ಪಾರಂಪರಿಕ ಪಟ್ಟಿಯಲ್ಲಿದ್ದರೆ ಕಿಟಕಿ ಬದಲಿಸಲೂ ಮೊದಲು ಪಾರಂಪರಿಕ ಸಮಿತಿಯನ್ನು ಕೇಳಬೇಕು.

ವಿದ್ಯುತ್ ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ (ಸಂಪರ್ಕದ ಸಂಖ್ಯೆ) ಹಿಡಿದು ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಕಚೇರಿಯಲ್ಲಿ ಬಾಕಿ ಎಷ್ಟು, ಮಂಜೂರಾದ ಲೋಡ್ ಎಷ್ಟು ಎಂದು ವಿಚಾರಿಸಿ. ಒಂದು ಕಿಲೋವ್ಯಾಟ್ ಸಂಪರ್ಕದಲ್ಲಿ 5 ಎಚ್‌ಪಿ ಹಿಟ್ಟಿನ ಗಿರಣಿ ತಿರುಗದು, ಅದೊಂದಕ್ಕೇ 3.7 ಕಿಲೋವ್ಯಾಟ್ ಬೇಕು, ತ್ರೀ ಫೇಸ್ ಎಳೆಸಬೇಕು. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ಗಾಲಿಕುರ್ಚಿಯ ಇಳಿಜಾರಿಗೆ 18 ಅಡಿ ಉದ್ದದ ಜಾಗ ಬೇಕು, ಅಡಿಗೆ ಹನ್ನೆರಡು ಅಡಿ ಲೆಕ್ಕ. ಮುಂದೆ ರಸ್ತೆಯಿದ್ದರೆ ಇದೊಂದೇ ದೊಡ್ಡ ತಲೆನೋವು.

ಬಾಡಿಗೆ, ಮತ್ತು ಆಡಿಟ್ ಎಂಬ ಭಯ

ಕಡತ ನಿಲ್ಲುವುದು ಯಾರದೋ ಹಗೆಯಿಂದ ಎಂದು ಸಂಘಗಳು ಅಂದುಕೊಳ್ಳುತ್ತವೆ. ಎಷ್ಟೋ ಸಲ ನಿಜವಾದ ಕಾರಣ ಆಡಿಟ್. ಬಾಡಿಗೆ ಕಡಿಮೆ ಮಾಡಿ ಕೊಟ್ಟರೆ ಲೆಕ್ಕಪರಿಶೋಧಕರು ‘ಆದಾಯ ನಷ್ಟ’ ಎಂದು ಆಕ್ಷೇಪಣೆ ಬರೆಯುತ್ತಾರೆ, ಅದಕ್ಕೆ ಉತ್ತರ ಕೊಡುವುದು ಸಹಿ ಹಾಕಿದ ಅಧಿಕಾರಿಯ ತಲೆಗೆ ಬರುತ್ತದೆ. ಆದ್ದರಿಂದ ಪುಕ್ಕಟೆ ಕೇಳಬೇಡಿ. ಲೋಕೋಪಯೋಗಿ ಅಥವಾ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಿಂದ ಬಾಡಿಗೆ ನಿಗದಿ ಮಾಡಿಸಿ, ರಿಯಾಯಿತಿ ಎಷ್ಟು, ಅದಕ್ಕೆ ಪ್ರತಿಯಾಗಿ ಏನು ಎಂಬುದನ್ನು ಅಂಕಿಯಲ್ಲೇ ಬರೆಯಿರಿ.

ಉದಾಹರಣೆಗೆ ನಿಗದಿಯಾದ ಬಾಡಿಗೆ ತಿಂಗಳಿಗೆ 6,000 ರೂ., ನೀವು ಕೊಡಬಲ್ಲದ್ದು 1,500. ರಿಯಾಯಿತಿ ವರ್ಷಕ್ಕೆ 54,000. ಇದರ ಎದುರಿಗೆ ‘ಸಂಘವು ವಾರಕ್ಕೆ ಆರು ದಿನ, ದಿನಕ್ಕೆ ಐದು ಗಂಟೆ ವಾಚನಾಲಯ ತೆರೆದಿಡುವುದು, ಗ್ರಾಮಸಭೆಗೆ ಭವನ ಉಚಿತವಾಗಿ ಬಿಡುವುದು, ಸುಣ್ಣಬಣ್ಣ ತನ್ನ ಖರ್ಚಿನಲ್ಲಿ ಮಾಡಿಸುವುದು’ ಎಂದು ನಡಾವಳಿಯಲ್ಲೇ ಇರಲಿ. ಈ ಮೂರು ಸಾಲು ಪಿಡಿಒ ಕೈಗೆ ನೀವು ಕೊಡುವ ರಕ್ಷಣೆ.

ನಿಮ್ಮ ಲೆಕ್ಕವನ್ನೂ ಕಹಿಯಾಗಿಯೇ ಹಾಕಿ. 600 ಚದರಡಿ ಕಟ್ಟಡ ಇಂದು ಹೊಸದಾಗಿ ಕಟ್ಟಲು ಚದರಡಿಗೆ 2,000ದಂತೆ 12 ಲಕ್ಷ ಎಂದಿಟ್ಟುಕೊಳ್ಳಿ; ಅದರ ಶೇ 2ರಷ್ಟು, ಅಂದರೆ ವರ್ಷಕ್ಕೆ 24,000 ರೂ. ದುರಸ್ತಿ ನಿಧಿಗೆ ಎತ್ತಿಡಬೇಕು. ಬಾಡಿಗೆ, ಕರೆಂಟು, ನೀರು, ಗುಡಿಸುವವರ ಕೂಲಿ ಇದರ ಮೇಲೆ. ಜಿಎಸ್‌ಟಿ ನೋಂದಣಿ ಇರುವ ಸಂಘವಾದರೆ ಬಾಡಿಗೆಯ ಮೇಲಿನ ತೆರಿಗೆ ನಿಮ್ಮ ಮೇಲೆಯೇ ಬೀಳಬಹುದು, ಲೆಕ್ಕಿಗರನ್ನು ಮೊದಲೇ ಕೇಳಿ.

ನಡಾವಳಿಯಿಂದ ಕೀಲಿಯವರೆಗೆ

ಗ್ರಾಮಸಭೆಯಲ್ಲಿ ವಿಷಯ ಬರಲಿ, ನಂತರ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಕಾರ್ಯಸೂಚಿಯ ಪ್ರತ್ಯೇಕ ವಿಷಯವಾಗಿ ಬರಲಿ. ‘ಇತರೆ ವಿಷಯಗಳು’ ಅಡಿಯಲ್ಲಿ ತೂರಿಸಿದ ನಿರ್ಣಯ ಸುಲಭವಾಗಿ ಬೀಳುತ್ತದೆ. ನಿರ್ಣಯದಲ್ಲಿ ಆಸ್ತಿ ಸಂಖ್ಯೆ, ಚಕ್ಕುಬಂದಿ, ಅಳತೆ, ಅವಧಿ, ಬಾಡಿಗೆ, ಉದ್ದೇಶ ಆರೂ ಇರಬೇಕು. ಪಂಚಾಯಿತಿಗಳ ‘ಪಂಚತಂತ್ರ’ ತಂತ್ರಾಂಶದಲ್ಲಿ ದಾಖಲಾದ ಪ್ರತಿಯನ್ನೇ ಪಡೆಯಿರಿ, ಕೈಬರಹದ ನಕಲು ಸಾಲದು.

ಪ್ರಕಟಣೆ ತಪ್ಪಿಸಬೇಡಿ. ಜಾಹೀರಾತಿಲ್ಲದೆ, ಅರ್ಜಿ ಹಾಕಿದ ಒಬ್ಬರಿಗೇ ಸರ್ಕಾರಿ ಜಮೀನು ಕೊಡುವುದು ಮನಸೋಇಚ್ಛೆಯ ಕ್ರಮ ಎಂದು ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಹಂಚಿಕೆಯನ್ನೇ ರದ್ದು ಮಾಡಿತು. ‘ಆಸಕ್ತ ಸಂಘಗಳು ಅರ್ಜಿ ಸಲ್ಲಿಸಬಹುದು’ ಎಂದು ಸೂಚನಾ ಫಲಕದಲ್ಲೂ ಸ್ಥಳೀಯ ಪತ್ರಿಕೆಯಲ್ಲೂ ಹಾಕಿಸಿ. ಬೇರೆಯವರು ಬಂದರೆ ಬರಲಿ. ಪೈಪೋಟಿಯಲ್ಲಿ ಗೆದ್ದ ಗುತ್ತಿಗೆ ಅಲುಗಾಡುವುದಿಲ್ಲ.

ಪಾಲಿಕೆಯಲ್ಲಿ ದಾರಿ ಉದ್ದ. ಮೈಸೂರಿನಲ್ಲಿ ವಲಯ ಕಚೇರಿಯಿಂದ ಕಂದಾಯ ಶಾಖೆ, ಆಯುಕ್ತರು, ಅಲ್ಲಿಂದ ಕೌನ್ಸಿಲ್. ಚುನಾಯಿತ ಕೌನ್ಸಿಲ್ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿ. ಪಾಲಿಕೆ ಆಸ್ತಿ ವಿಲೇವಾರಿಗೆ 1976ರ ಪೌರ ನಿಗಮಗಳ ಕಾಯ್ದೆಯ 176ನೇ ಕಲಂ, ಮಂಡ್ಯ ನಗರಸಭೆಯಂಥ ಕಡೆ 1964ರ ಪುರಸಭೆಗಳ ಕಾಯ್ದೆಯ 72ನೇ ಕಲಂ ಆಧಾರ. ಅರ್ಜಿಯಲ್ಲಿ ಕಲಂ ನಮೂದಿಸಿದರೆ ಗುಮಾಸ್ತರು ಕಡತ ತೆರೆಯುವುದು ಸುಲಭ.

ಕರಾರಿನಲ್ಲಿ ಜಗಳಕ್ಕೆ ಎಡೆ ಕೊಡುವ ಜಾಗ ಮೂರು. ದೊಡ್ಡ ದುರಸ್ತಿ (ತಾರಸಿ, ಗೋಡೆ, ಅಡಿಪಾಯ) ಪಂಚಾಯಿತಿಯದು, ಸಣ್ಣದು ಸಂಘದ್ದು ಎಂದು ಬಿಡಿಸಿ ಬರೆಯಬೇಕು. ಬಾಡಿಗೆ ಏರಿಕೆಯ ಪ್ರಮಾಣ ಈಗಲೇ ನಿಗದಿಯಾಗಬೇಕು. ‘ಕಾಲಕಾಲಕ್ಕೆ ಪರಿಷ್ಕರಿಸಿದಂತೆ’ ಎಂಬ ಪದ ಹೊಡೆದುಹಾಕಿಸಿ. ರದ್ದತಿಗೆ ಕಾರಣ ತಿಳಿಸಿ ಕನಿಷ್ಠ 90 ದಿನದ ನೋಟಿಸ್ ಇರಲಿ.

ಕೀಲಿ ಪಡೆಯುವ ದಿನ ಮಹಜರು ಮಾಡಿಸಿ: ಫ್ಯಾನು, ಬಾಗಿಲು, ಬಿರುಕು, ಮೀಟರ್ ರೀಡಿಂಗ್, ಎಲ್ಲದರ ಪಟ್ಟಿ ಮತ್ತು ದಿನಾಂಕವಿರುವ ಫೋಟೊ. ಇಲ್ಲದಿದ್ದರೆ ಮೊದಲೇ ಇದ್ದ ಬಿರುಕು ಐದು ವರ್ಷದ ನಂತರ ನಿಮ್ಮದಾಗುತ್ತದೆ.

ಆಮೇಲೆ ಕೆಡುವುದು ಬಹುಪಾಲು ಒಳಬಾಡಿಗೆಯಿಂದ. ಮುಂದಿನ ಕೊಠಡಿಯನ್ನು ಮೊಬೈಲ್ ಅಂಗಡಿಗೆ ಕೊಟ್ಟ ದಿನವೇ ಗುತ್ತಿಗೆಯ ಉದ್ದೇಶ ಮುರಿಯಿತು. ಮದುವೆ, ನಾಮಕರಣಕ್ಕೆ ಭವನ ಬಿಡುವುದಿದ್ದರೆ ಅದರ ದರಪಟ್ಟಿ ಗೋಡೆಯ ಮೇಲಿರಲಿ, ರಸೀದಿ ಪುಸ್ತಕ ಸಂಘದ್ದಿರಲಿ, ಜಾತಿ ಪಕ್ಷ ನೋಡದೆ ಎಲ್ಲರಿಗೂ ಒಂದೇ ದರ ಇರಲಿ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಆರು ತಿಂಗಳ ಮೊದಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ಮುಗಿದ ಮೇಲೆ ಬಾಡಿಗೆ ಕಟ್ಟುತ್ತಲೇ ಇದ್ದರೂ 1974ರ ಸಾರ್ವಜನಿಕ ಆವರಣ ಕಾಯ್ದೆಯಡಿ ನಿಮ್ಮನ್ನು ಅನಧಿಕೃತ ಅನುಭೋಗದಾರರೆಂದು ತೆರವು ಮಾಡಿಸಲು ಬರುತ್ತದೆ.