ಸಭೆಯಲ್ಲಿ ಮೊದಲು ಚೀಟಿ, ಆಮೇಲೆ ಮಾತು

ಹತ್ತು ಜನ ಕೂತು ಏನಾದರೂ ತೀರ್ಮಾನ ಮಾಡಬೇಕಿದ್ದರೆ ನೇರವಾಗಿ ಚರ್ಚೆಗೆ ಇಳಿಯಬೇಡಿ. ಮೊದಲು ಬಾಯಿಬಿಟ್ಟವರ ಕಡೆಗೇ ಉಳಿದವರು ವಾಲುತ್ತಾರೆ. ಆ ಮೊದಲಿಗರು ಅಧ್ಯಕ್ಷರೇ ಆಗಿದ್ದರಂತೂ ಮುಗಿಯಿತು. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಗೆರೆಯ ಉದ್ದದಂಥ ಕಣ್ಣೆದುರಿನ ವಿಷಯದಲ್ಲೂ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪು ಉತ್ತರಕ್ಕೆ ದನಿಗೂಡಿಸಿದ್ದರು. ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ ಹಾಗೆ ವಾಲುವುದು ಬಹಳ ಕಡಿಮೆಯಾಯಿತು.

ಹಾಗಾಗಿ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬೋರ್ಡಿನ ಮೇಲೆ ಬರೆಯಿರಿ. 10 ನಿಮಿಷ ಯಾರೂ ಮಾತಾಡದೆ ಚೀಟಿಯಲ್ಲಿ ತಮ್ಮ ಆಯ್ಕೆ, ಅದಕ್ಕೊಂದು ಕಾರಣ, ಅದರ ಬಗ್ಗೆಯೇ ಒಂದು ಅನುಮಾನ ಬರೆಯಲಿ. ಹೆಸರು ಬೇಡ. ಚೀಟಿಗಳನ್ನು ಕಲೆಸಿ ಒಬ್ಬರೇ ಗಟ್ಟಿಯಾಗಿ ಓದಲಿ. ಚರ್ಚೆ ಆಮೇಲೆ, ಅದರಲ್ಲೂ ಮುಖ್ಯಸ್ಥರು ಕೊನೆಗೆ ಮಾತಾಡಲಿ. (ಈ ಕೊನೆಯದನ್ನು ಒಪ್ಪಿಸುವುದೇ ಕಷ್ಟ.)

ಆಯ್ಕೆಗಳು ಮೂರೋ ಹೆಚ್ಚೋ ಇದ್ದರೆ ಒಬ್ಬರಿಗೆ ಒಂದೇ ಮತ ಎನ್ನುವ ಪದ್ಧತಿ ಕೈಕೊಡುತ್ತದೆ. ಹೆಚ್ಚುಕಡಿಮೆ ಒಂದೇ ಥರದ ಎರಡು ಆಯ್ಕೆಗಳಿಗೆ ತಲಾ 3 ಮತ ಹಂಚಿಹೋಗಿ, 6 ಜನಕ್ಕೆ ಬೇಡವಾದದ್ದು 4 ಮತದಲ್ಲಿ ಗೆದ್ದುಬಿಡಬಹುದು. ಬದಲಿಗೆ, ತಮಗೆ ಒಪ್ಪಿಗೆಯಿರುವ ಎಲ್ಲಾ ಆಯ್ಕೆಗಳಿಗೂ ಗುರುತು ಹಾಕಲು ಹೇಳಿ. ಹೆಚ್ಚು ಗುರುತು ಬಿದ್ದದ್ದು ಆಯ್ಕೆ. ಸಮ ಬಿದ್ದರೆ ಏನು ಮಾಡುವುದು ಎಂಬುದನ್ನು ಎಣಿಕೆಗೆ ಮುಂಚೆಯೇ ನಿಗದಿ ಮಾಡಿ. ಎಣಿಸಿದ ಮೇಲೆ ನಿಯಮ ಹುಡುಕಹೊರಟರೆ ಜಗಳ ಖಾತ್ರಿ.

ನಡಾವಳಿಯಲ್ಲಿ ‘ಎಲ್ಲರೂ ಒಪ್ಪಿದರು’ ಎಂದಷ್ಟೇ ಬರೆಯದೆ, ಯಾರು ಯಾವ ದಿನದೊಳಗೆ ಏನು ಮಾಡಬೇಕು, ಯಾವ ಪರಿಸ್ಥಿತಿ ಬದಲಾದರೆ ವಿಷಯವನ್ನು ಮತ್ತೆ ಎತ್ತಿಕೊಳ್ಳಬಹುದು ಎಂಬುದನ್ನೂ ದಾಖಲಿಸಿ.