ಮನೆ ಮಾರುವ ಮುನ್ನ ನಾನೇ ಸರ್ವೇಯರನ್ನು ಕರೆಸಿದೆ

ಇಂಗ್ಲೆಂಡಿನಲ್ಲಿ ನಮ್ಮದಾಗಿದ್ದ ಮನೆಯನ್ನು ನಾವು ಎರಡು ಸಲ ಮಾರಾಟಕ್ಕಿಡಬೇಕಾಯಿತು. 1930ರ ದಶಕದಲ್ಲಿ ಕಟ್ಟಿದ, ಪಕ್ಕದ ಮನೆಯೊಂದಿಗೆ ಒಂದು ಗೋಡೆಯನ್ನು ಹಂಚಿಕೊಂಡಿದ್ದ ಇಟ್ಟಿಗೆಯ ಮನೆ ಅದು. ಮೊದಲ ಸಲ ಬೆಲೆ ಕುದುರಿ, ಆಸ್ತಿ ವ್ಯವಹಾರ ನೋಡಿಕೊಳ್ಳುವ ವಕೀಲರಾದ ಸಾಲಿಸಿಟರ್‌ಗಳ ನಡುವೆ ಪತ್ರ ವ್ಯವಹಾರವೂ ಶುರುವಾದ ಮೇಲೆ, ಮನೆಯ ಸ್ಥಿತಿ ಪರೀಕ್ಷಿಸಲು ಕೊಳ್ಳುವವರು ಕಳುಹಿಸಿದ ಸರ್ವೇಯರ್ ಹಿಂಬದಿಯ ಗೋಡೆಯಲ್ಲಿ ತೇವವಿದೆಯೆಂದೂ ಅಡುಗೆಮನೆಯ ಚಿಮಣಿಯನ್ನು ಯಾವಾಗಲೋ ಒಡೆದಿದ್ದಾರೆ, ಅದಕ್ಕೆ ಸ್ಥಳೀಯ ಕೌನ್ಸಿಲ್‌ನ ಅನುಮತಿಯ ದಾಖಲೆ ಕಾಣುತ್ತಿಲ್ಲವೆಂದೂ ವರದಿ ಕೊಟ್ಟರು. ಕೊಳ್ಳುವವರು ಇಪ್ಪತ್ತು ಸಾವಿರ ಪೌಂಡ್ ಇಳಿಸಿ ಎಂದರು, ನಾನು ಒಪ್ಪಲಿಲ್ಲ, ಅವರು ಹಿಂದೆ ಸರಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎರಡೂ ಕಡೆಯವರು ಕರಾರುಪತ್ರಗಳನ್ನು ವಿನಿಮಯ ಮಾಡಿಕೊಳ್ಳುವವರೆಗೆ ಯಾರನ್ನೂ ಯಾವುದೂ ಕಟ್ಟಿಹಾಕುವುದಿಲ್ಲವಾದ್ದರಿಂದ, ಮೂರು ತಿಂಗಳ ಓಡಾಟ ಮತ್ತು ಸಾಲಿಸಿಟರ್ ಖರ್ಚು ನನ್ನ ಪಾಲಿಗೆ ಉಳಿದವು.

ಎರಡನೆಯ ಸಲ ಮನೆಯನ್ನು ಮಾರುಕಟ್ಟೆಗೆ ಬಿಡುವ ಮೊದಲೇ ನನ್ನ ಖರ್ಚಿನಲ್ಲಿ ಒಬ್ಬ ಚಾರ್ಟರ್ಡ್ ಸರ್ವೇಯರನ್ನು ಕರೆಸಿದೆ. ಸರ್ವೇಯರ್ ಎಂದರೆ ಸರಪಳಿ ಹಿಡಿದು ಹೊಲದ ಬದುವಿನ ಮೇಲೆ ನಡೆಯುವ ಭೂಮಾಪಕರೆಂದೇ ತಿಳಿದು ಬೆಳೆದ ನನಗೆ ಇವರ ಕೆಲಸದ ವ್ಯಾಪ್ತಿ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಬ್ರಿಟನ್ನಿನಲ್ಲಿ ಈ ವೃತ್ತಿಯವರ ಸಂಸ್ಥೆ 1868ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1881ರಲ್ಲಿ ರಾಜಸನ್ನದು ಪಡೆಯಿತು. ‘ಚಾರ್ಟರ್ಡ್’ ಎಂಬ ವಿಶೇಷಣ ಬಂದದ್ದು ಆ ಸನ್ನದಿನಿಂದ. ಇಂದು ಆರ್‌ಐಸಿಎಸ್ ಎಂದು ಕರೆಯುವ ಈ ಸಂಸ್ಥೆಯ ಸದಸ್ಯರ ಹೆಸರಿನ ನಂತರ ಎಂಆರ್‌ಐಸಿಎಸ್ ಅಥವಾ ಎಫ್‌ಆರ್‌ಐಸಿಎಸ್ ಎಂದಿರುತ್ತದೆ. ಎಸ್ಟೇಟ್ ಏಜೆಂಟರು ಸೂಚಿಸಿದವರನ್ನು ಬಿಟ್ಟು, ನಮ್ಮ ಬಡಾವಣೆಯ ಅದೇ ಕಾಲದ ಮನೆಗಳನ್ನು ಹಲವು ವರ್ಷ ನೋಡಿದ್ದ ಒಬ್ಬರನ್ನು ನಾನೇ ಹುಡುಕಿದೆ. ಮನೆಯ ಸ್ಥಿತಿಯ ಮೂರನೆಯ ಹಂತದ, ಅಂದರೆ ಅತ್ಯಂತ ವಿವರವಾದ ಸಮೀಕ್ಷೆ ಮತ್ತು ಮಾರುಕಟ್ಟೆ ಮೌಲ್ಯ, ಎರಡೂ ಬೇಕೆಂದು ಕೇಳಿ, ಶುಲ್ಕದಲ್ಲಿ ಶೇಕಡಾ 20ರ ವ್ಯಾಟ್ ಸೇರಿದೆಯೇ ಎಂಬುದನ್ನೂ ಬರಹದಲ್ಲಿ ಪಡೆದೆ. ಅದನ್ನು ಮೊದಲೇ ಕೇಳದಿದ್ದರೆ ಬಿಲ್ಲು ನೋಡಿದಾಗ ಬೆಚ್ಚಿಬೀಳಬೇಕಾಗುತ್ತದೆ.

ಸಮೀಕ್ಷೆಯ ಹಿಂದಿನ ದಿನ ಅಟ್ಟದಲ್ಲಿ ತುಂಬಿದ್ದ ಸಾಮಾನನ್ನೆಲ್ಲ ಇಳಿಸಿದ್ದು ನಾನು ಮಾಡಿದ ಒಳ್ಳೆಯ ಕೆಲಸ. ಸರ್ವೇಯರರು ಗೋಡೆ ಕೊರೆಯುವುದಿಲ್ಲ, ನೆಲಹಾಸು ಕಿತ್ತು ನೋಡುವುದಿಲ್ಲ, ಭಾರದ ಕಪಾಟುಗಳನ್ನು ಸರಿಸುವುದಿಲ್ಲ. ಕಣ್ಣಿಗೆ ಕಂಡಷ್ಟನ್ನೇ ಬರೆಯುತ್ತಾರೆ, ಕಾಣದಿದ್ದುದನ್ನು ‘ಪರಿಶೀಲಿಸಲಾಗಲಿಲ್ಲ’ ಎಂದು ನಮೂದಿಸುತ್ತಾರೆ, ಮತ್ತು ಆ ಒಂದು ಮಾತು ಕೊಳ್ಳುವವರ ಮನಸ್ಸಿನಲ್ಲಿ ದೋಷಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಅವರು ಬೆಳಿಗ್ಗೆ ಬಂದವರು ಮಧ್ಯಾಹ್ನದವರೆಗೆ ಇದ್ದರು. ನಾನು ಹಿಂದೆ ಹಿಂದೆ ಸುತ್ತಿದ್ದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ.

ತೇವದ ವಿಷಯದಲ್ಲಿ ನನಗೆ ಆದ ಲಾಭವೇ ಅವರ ಶುಲ್ಕಕ್ಕಿಂತ ಹೆಚ್ಚು. ಮೊದಲ ಮಾರಾಟ ಮುರಿದಾಗ ಗಾಬರಿಯಿಂದ ನಾನು ಒಂದು ಕಂಪನಿಯವರನ್ನು ‘ಉಚಿತ ಪರೀಕ್ಷೆ’ಗೆ ಕರೆಸಿದ್ದೆ, ಅವರು ಗೋಡೆಗೆ ತೇವಾಂಶ ಮಾಪಕ ಒತ್ತಿ, ಅದು ಕಿರುಗುಟ್ಟಿದೊಡನೆ ನೆಲದಿಂದ ನೀರು ಏರುತ್ತಿದೆಯೆಂದು ತೀರ್ಮಾನಿಸಿ, ಗೋಡೆಯುದ್ದಕ್ಕೂ ರಾಸಾಯನಿಕ ತುಂಬಿ ಹೊಸದಾಗಿ ಗಾರೆ ಮಾಡಲು ಕೆಲವು ಸಾವಿರ ಪೌಂಡ್‌ಗಳ ಅಂದಾಜು ಕೊಟ್ಟಿದ್ದರು. ಮದ್ದು ಮಾರುವವರೇ ರೋಗ ಹೇಳಿದರೆ ಆಗುವುದು ಹೀಗೆಯೇ. ಸರ್ವೇಯರರು ಮಾಪಕವನ್ನು ಹಚ್ಚುವ ಮೊದಲು ಹೊರಗೆ ಹೋಗಿ ಗೋಡೆಯ ಬುಡದಲ್ಲಿ ಕುಳಿತು ನೋಡಿದರು. ಇಟ್ಟಿಗೆಗಳ ನಡುವೆ ತೇವವನ್ನು ತಡೆಯಲೆಂದೇ ಇಟ್ಟ ಪದರಕ್ಕಿಂತ ಹೊರಗಿನ ನೆಲ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು. ಹಿಂದಿನ ಯಾರೋ ಹಿತ್ತಿಲಿಗೆ ಹಳೆಯ ಹಾಸುಗಲ್ಲಿನ ಮೇಲೆಯೇ ಹೊಸ ಹಾಸುಗಲ್ಲು ಹಾಕಿಸಿದ್ದರಿಂದ ನಮ್ಮಲ್ಲಿ ನೆಲ ಆ ಪದರವನ್ನೇ ಮುಚ್ಚಿತ್ತು, ಜೊತೆಗೆ ಸೂರಿನಂಚಿನ ಗಟರ್‌ನ ಒಂದು ಕೀಲು ಸೋರಿ ಅದೇ ಜಾಗಕ್ಕೆ ನೀರು ಸುರಿಯುತ್ತಿತ್ತು. ಗೋಡೆಯ ಪಕ್ಕದ ಹಾಸುಗಲ್ಲು ಕೀಳಿಸಿ, ನೆಲ ತಗ್ಗಿಸಿ ಜಲ್ಲಿ ತುಂಬಿಸಿ, ಗಟರ್ ಸರಿಪಡಿಸಲು ತಗುಲಿದ್ದು ಆ ಅಂದಾಜಿನ ಸಣ್ಣ ಭಾಗ ಮಾತ್ರ. ಆದರೆ ಗೋಡೆ ಒಣಗಲು ತಿಂಗಳುಗಳೇ ಬೇಕು ಎಂದು ಅವರು ಎಚ್ಚರಿಸಿದ್ದರು, ಹಾಗೆಯೇ ಆಯಿತು.

ಚಿಮಣಿಯ ಕಥೆ ಇನ್ನೂ ಗಂಭೀರವಾಗಿತ್ತು. ಅಡುಗೆಮನೆಯಲ್ಲಿ ಜಾಗ ಮಾಡಿಕೊಳ್ಳಲು ನಮಗಿಂತ ಹಿಂದಿನವರು ಕೆಳಗಿನ ಇಟ್ಟಿಗೆಯ ಭಾಗವನ್ನು ಒಡೆಸಿದ್ದರು, ಮೇಲಿನ ಮಲಗುವ ಕೋಣೆಯಲ್ಲೂ ಅಟ್ಟದಲ್ಲೂ ಅದು ಹಾಗೆಯೇ ಉಳಿದಿತ್ತು. ಅಷ್ಟು ತೂಕ ಈಗ ಯಾವುದರ ಮೇಲೆ ನಿಂತಿದೆಯೆಂಬುದು ಅಡುಗೆಮನೆಯ ಛಾವಣಿಯ ಹಲಗೆಯ ಹಿಂದೆ ಅಡಗಿತ್ತು. ವರದಿಯಲ್ಲಿ ಇದಕ್ಕೆ 3 ಎಂಬ ಕೆಂಪು ಅಂಕಿ ಬಿತ್ತು. 1 ಹಸಿರು, ತೊಂದರೆಯಿಲ್ಲ; 2 ಹಳದಿ, ಸರಿಪಡಿಸಬೇಕು ಆದರೆ ಆತುರವಿಲ್ಲ; 3 ತಕ್ಷಣ ಗಮನಿಸಬೇಕಾದ್ದು. ಇದನ್ನು ಲೆಕ್ಕ ಹಾಕಿ ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ತಾನಲ್ಲ ಎಂದು ಸರ್ವೇಯರರು ಸ್ಪಷ್ಟವಾಗಿ ಬರೆದದ್ದರಿಂದ ಅವರ ಮೇಲಿನ ನನ್ನ ಗೌರವ ಹೆಚ್ಚಿತು.

ಇಲ್ಲಿ ಎರಡು ದಾರಿಗಳಿದ್ದವು, ಒಂದನ್ನು ತುಳಿದರೆ ಇನ್ನೊಂದು ಮುಚ್ಚಿಹೋಗುತ್ತದೆ. ದಾಖಲೆಯಿಲ್ಲದ ಹಳೆಯ ಕಾಮಗಾರಿಗೆ ಸಾಲಿಸಿಟರ್ ಮೂಲಕ ನಷ್ಟಭರ್ತಿ ವಿಮೆಯೊಂದನ್ನು ತೆಗೆದುಕೊಟ್ಟು ಕೊಳ್ಳುವವರನ್ನು ಒಪ್ಪಿಸುವುದು ಮೊದಲನೆಯದು. ಆದರೆ ಸ್ಥಳೀಯ ಕೌನ್ಸಿಲ್‌ಗೆ ಈ ವಿಷಯವಾಗಿ ಒಮ್ಮೆ ಬರೆದರೆ ಆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಲ್ಲದೆ ಅದು ಕಾಗದದ ಕೊರತೆಗೆ ಉತ್ತರವೇ ಹೊರತು ತಲೆಯ ಮೇಲಿನ ಇಟ್ಟಿಗೆಗಳಿಗೆ ಅಲ್ಲ. ಎರಡನೆಯದು ಕೌನ್ಸಿಲ್‌ನಿಂದ ಕಾಮಗಾರಿಯನ್ನು ಸಕ್ರಮಗೊಳಿಸಿಕೊಳ್ಳುವುದು. 1985ರ ನವೆಂಬರ್ 11ರ ನಂತರ ಆರಂಭವಾದ ಕೆಲಸಗಳಿಗೆ ಈ ಅವಕಾಶವಿದೆ. ನಾನು ಎರಡನೆಯದನ್ನು ಆರಿಸಿದೆ. ಛಾವಣಿಯ ಒಂದು ಭಾಗ ತೆರೆಸಿದಾಗ ಕಂಡದ್ದು ಒಂದಷ್ಟು ಮರದ ಆಸರೆ ಮಾತ್ರ. ಎಂಜಿನಿಯರ್ ಲೆಕ್ಕದಂತೆ ಉಕ್ಕಿನ ತೊಲೆ ಕೂರಿಸಬೇಕಾಯಿತು, ತೊಲೆಯ ಒಂದು ತುದಿ ಹಂಚಿಕೆಯ ಗೋಡೆಯೊಳಗೆ ಹೋಗುವುದರಿಂದ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಪಕ್ಕದ ಮನೆಯವರಿಗೆ ಎರಡು ತಿಂಗಳ ನೋಟಿಸು ಕೊಡಬೇಕಿತ್ತು. ಅವರು ಬರಹದಲ್ಲಿ ಒಪ್ಪಿಗೆ ಕೊಟ್ಟಿದ್ದರಿಂದ ಅಷ್ಟು ಕಾಯಲಿಲ್ಲ. ತೊಲೆಯನ್ನು ಮುಚ್ಚುವ ಮುನ್ನ ಎಲ್ಲ ಕೋನಗಳಿಂದ ಫೋಟೋ ತೆಗೆದಿಡಿ ಎಂದು ಹೇಳಿಕೊಟ್ಟವರೂ ಸರ್ವೇಯರರೇ.

ಬೆಲೆಯ ಬಗ್ಗೆ ಹೇಳುವುದಾದರೆ, ಮೂವರು ಏಜೆಂಟರಲ್ಲಿ ಒಬ್ಬರು 4,85,000 ಪೌಂಡ್ ಬರುತ್ತದೆಂದಿದ್ದರು, ಉಳಿದಿಬ್ಬರು ಅದಕ್ಕಿಂತ ಸ್ವಲ್ಪ ಕೆಳಗೆ. ಸರ್ವೇಯರರು ಮನೆಯ ಒಳ ಅಳತೆ ತೆಗೆದು, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಜವಾಗಿ ದಾಖಲಾದ ಅಕ್ಕಪಕ್ಕದ ಮಾರಾಟಗಳನ್ನು ಹೋಲಿಸಿ 4,45,000 ಎಂದರು. ಮೊದಲು ಕಹಿಯೆನಿಸಿತು. ಏಜೆಂಟರು ಹೇಳುವುದು ಗಿರಾಕಿಯನ್ನು ಹಿಡಿಯುವ ಬೆಲೆ, ಇವರು ಹೇಳುವುದು ತಮ್ಮ ಸಹಿಯ ಕೆಳಗೆ ನಿಲ್ಲಬೇಕಾದ ಬೆಲೆ ಎಂಬುದು ನಂತರ ಹೊಳೆಯಿತು. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರೂ ನೋಡುವುದು ಇದೇ ರೀತಿಯ ಹೋಲಿಕೆಗಳನ್ನು.

ಒಂದು ಅಪಾಯವನ್ನು ಮುಚ್ಚಿಡಲಾರೆ. ವರದಿ ಕೈಗೆ ಬಂದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎನ್ನಲು ಬರುವುದಿಲ್ಲ. ಮಾರುವವರು ತುಂಬಿಕೊಡುವ ಟಿಎ6 ಎಂಬ ಆಸ್ತಿ ಮಾಹಿತಿಯ ನಮೂನೆಯಲ್ಲಿ ಸುಳ್ಳು ಉತ್ತರ ಬರೆದರೆ 1967ರ ತಪ್ಪುನಿರೂಪಣೆ ಕಾಯ್ದೆಯಡಿ ಮಾರಾಟವಾದ ಮೇಲೂ ಕೊಳ್ಳುವವರು ಪರಿಹಾರ ಕೇಳಬಹುದು. ಹಾಗಾಗಿ ದೋಷ ಸರಿಪಡಿಸುವ ಅಥವಾ ಹೇಳಿಕೊಳ್ಳುವ ಮನಸ್ಸಿಲ್ಲದವರು ಇಂಥ ಸಮೀಕ್ಷೆ ಮಾಡಿಸದಿರುವುದೇ ಲೇಸು. ಇನ್ನೊಂದು ಮಿತಿಯೂ ಇದೆ: ವರದಿ ನನ್ನ ಹೆಸರಿನಲ್ಲಿದ್ದುದರಿಂದ ಕೊಳ್ಳುವವರು ಅದನ್ನು ಓದಬಹುದಿತ್ತೇ ಹೊರತು ತಪ್ಪಿದ್ದರೆ ಸರ್ವೇಯರರನ್ನು ಹೊಣೆ ಮಾಡುವಂತಿರಲಿಲ್ಲ, ಹಾಗಾಗಿ ಕೊಳ್ಳುವವರು ತಮ್ಮದೇ ಸಮೀಕ್ಷೆ ಮಾಡಿಸಿದರು. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರಿನಿಂದ ಮನೆ ಮಾರುವವರೇ ‘ಹೋಮ್ ರಿಪೋರ್ಟ್’ ಒದಗಿಸಬೇಕು, ಅದರೊಳಗಿನ ಸಮೀಕ್ಷೆಯನ್ನು ಚಾರ್ಟರ್ಡ್ ಸರ್ವೇಯರರೇ ಮಾಡಬೇಕು. ಇಂಗ್ಲೆಂಡಿನಲ್ಲಿ ಮಾರುವವರೇ ಮಾಹಿತಿಕಟ್ಟು (ಹೋಮ್ ಇನ್ಫರ್ಮೇಷನ್ ಪ್ಯಾಕ್) ಒದಗಿಸಬೇಕೆಂದು 2007ರಲ್ಲಿ ತಂದ ನಿಯಮವನ್ನು 2010ರಲ್ಲಿ ಕೈಬಿಟ್ಟರು.

ನಾವು 4,50,000 ಪೌಂಡಿಗೆ ಮನೆಯನ್ನು ಮಾರಾಟಕ್ಕಿಟ್ಟೆವು. ಈ ಸಲದ ಕೊಳ್ಳುವವರ ಸರ್ವೇಯರರೂ ಹಿಂಬದಿಯ ಗೋಡೆಗೆ ಮಾಪಕ ಹಚ್ಚಿದರು, ಅದು ಇನ್ನೂ ಕಿರುಗುಟ್ಟುತ್ತಿತ್ತು. ಆದರೆ ನಮ್ಮ ವರದಿಯೂ ಹಾಸುಗಲ್ಲು ಕೀಳಿಸಿದ ಬಿಲ್ಲೂ ಪಕ್ಕದಲ್ಲಿದ್ದುದರಿಂದ ಅವರು ‘ಒಣಗುತ್ತಿರುವ ಗೋಡೆ’ ಎಂದು ಬರೆದು 2 ಕೊಟ್ಟರು. ಚಿಮಣಿಯ ಬಗ್ಗೆ ಸಾಲಿಸಿಟರ್ ಕೇಳಿದ ಪ್ರಶ್ನೆಗೆ ಕೌನ್ಸಿಲ್‌ನ ಪ್ರಮಾಣಪತ್ರ ಮತ್ತು ತೊಲೆಯ ಫೋಟೋಗಳು ಅದೇ ಸಂಜೆ ಹೋದವು. ಕರಾರಿನ ವಿನಿಮಯವಾದದ್ದು 4,43,000 ಪೌಂಡಿಗೆ.