ಮೇಕೆ ತಳಿ ಆರಿಸುವಾಗ ನಾನು ಮೊದಲು ನೋಡಿದ್ದು ಮೇವು

ಸ್ವಲ್ಪ ಜಮೀನಿದೆ, ನಾಲ್ಕೈದು ಮೇಕೆ ಕಟ್ಟೋಣ ಅಂತಿದ್ದೇನೆ, ಯಾವ ತಳಿ ಒಳ್ಳೇದು? ಹೀಗೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ. ವರ್ಷದಲ್ಲಿ ಹಸಿರು ತೀರಾ ಕಡಿಮೆ ಇರುವ ತಿಂಗಳಲ್ಲಿ ಅವಕ್ಕೆ ಏನು ಹಾಕುತ್ತೀರಿ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ತಳಿಗಳು ಲೆಕ್ಕದಿಂದ ತಾವಾಗಿಯೇ ಹೊರಗೆ ಹೋಗುತ್ತವೆ.

ನಾನು ಶುರು ಮಾಡಿದ್ದೂ ಅಲ್ಲಿಂದಲೇ. ನಮ್ಮದು ಎರಡು ಎಕರೆಗಿಂತ ಕಡಿಮೆ ಜಾಗ. ಬೆಳೆಗೆ ಹೋಗಿ ಮೇಕೆಗೆ ಉಳಿಯುವುದು ಬದು, ಬೇಲಿ, ಒಂದು ಮೂಲೆಯ ಕುರುಚಲು, ಮೇವಿಗೆ ಅಂತಲೇ ಬಿಟ್ಟ ಒಂದು ಪಟ್ಟಿ. ಆ ಪಟ್ಟಿಯಲ್ಲಿ ನೇಪಿಯರ್ ಹುಲ್ಲು, ಬೇಲಿ ಉದ್ದಕ್ಕೂ ಅಗಸೆ ಮರ, ಹಿಪ್ಪುನೇರಳೆ, ಸುಬಾಬುಲ್. ಸುಬಾಬುಲ್ ಮೇಕೆಗೆ ಬಲು ಇಷ್ಟ, ಆದರೆ ಅದರಲ್ಲಿ ಮಿಮೋಸಿನ್ ಎಂಬ ವಿಷದ ಅಂಶ ಇದೆ. ಹಾಗಾಗಿ ಒಟ್ಟು ಮೇವಿನಲ್ಲಿ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಳ್ಳುತ್ತೇನೆ.

ಲೆಕ್ಕ ತುಂಬಾ ಸುಲಭ. ಮೇಕೆ ದಿನಕ್ಕೆ ತನ್ನ ಮೈತೂಕದ ಶೇಕಡಾ 3ರಿಂದ 4ರಷ್ಟು ಒಣಪದಾರ್ಥ, ಅಂದರೆ ಮೇವಿನಲ್ಲಿ ನೀರು ಕಳೆದು ಉಳಿಯುವಷ್ಟು, ತಿನ್ನುತ್ತದೆ. ಹಾಲು ಕೊಡುವ ಮೇಕೆಗೆ ಇದು 5ನ್ನೂ ದಾಟಬಹುದು. 30 ಕೆಜಿ ಮೇಕೆಗೆ ಹೆಚ್ಚೂಕಮ್ಮಿ 1 ಕೆಜಿ ಒಣಪದಾರ್ಥ ಬೇಕು. ಹಸಿಮೇವಿನಲ್ಲಿ ಮುಕ್ಕಾಲು ಭಾಗ ನೀರೇ ಅಲ್ವಾ, ಹಾಗಾಗಿ ಬರೀ ಹಸಿರಲ್ಲೇ ತೂಗಿಸುವುದಾದರೆ ಒಂದಕ್ಕೆ ದಿನಕ್ಕೆ 4 ಕೆಜಿ. 60 ಕೆಜಿ ಮೇಕೆ ತಂದು ಕಟ್ಟಿದರೆ ಹತ್ತಿರ ಹತ್ತಿರ ಅದರ ಎರಡು ಪಟ್ಟು. ಹಸಿರು ಕಮ್ಮಿ ಇರುವ ತಿಂಗಳಲ್ಲಿ ನಾನು ಒಂದು ದಿನದ ಮೇವು ಕೊಯ್ದು ತೂಕ ಹಾಕಿ ನೋಡಿದೆ. ನನ್ನ ಜಾಗ ತಾಳಿಕೊಳ್ಳುವುದು ನಾಲ್ಕು ದೊಡ್ಡ ಮೇಕೆ, ಇಲ್ಲವೇ ಏಳೆಂಟು ಸಣ್ಣವು. ಅಷ್ಟು ಗೊತ್ತಾದ ಮೇಲೆ ತಳಿಗಳ ಹೆಸರು ಕೇಳಲು ಶುರು ಮಾಡಿದೆ.

ಎರಡನೆಯ ಮಾತು, ಮೇಕೆ ಯಾತಕ್ಕೆ? ಮನೆಗೆ ಒಂದಿಷ್ಟು ಹಾಲು, ಮಾರಲು ಮರಿ. ನನಗೆ ಬೇಕಿದ್ದದ್ದು ಇಷ್ಟೇ. ಹಾಲನ್ನೇ ನಂಬುವವರ ದಾರಿ ಬೇರೆ.

ಹಾಲು ಅಂದಕೂಡಲೇ ಎಲ್ಲರ ಬಾಯಲ್ಲಿ ಬರುವುದು ಸಾನೆನ್. ಸ್ವಿಟ್ಜರ್ಲೆಂಡಿನ ಬಿಳಿ ಮೇಕೆ. ಚೆನ್ನಾಗಿ ನೋಡಿಕೊಂಡರೆ ದಿನಕ್ಕೆ 3 ಲೀಟರು ಕೊಡುವುದು ಅದಕ್ಕೆ ದೊಡ್ಡ ಮಾತಲ್ಲ. ಆದರೆ ಆ ಹಾಲು ಗಾಳಿಯಿಂದ ಬರುವುದಿಲ್ಲ. ಒಳ್ಳೆ ಹಿಂಡಿ, ಕಾಳು, ಬೇಳೆಜಾತಿಯ ಹಸಿಮೇವು ದಿನಾ ಬೇಕು. ಮೈ ಬಣ್ಣ ಬಿಳಿ, ಚರ್ಮ ತೆಳು, ಹಾಗಾಗಿ ಬಿರುಬಿಸಿಲು ಆಗದು. ಅದೇ ಆಲ್ಪ್ಸ್ ಕಡೆಯ ಟೋಗನ್‌ಬರ್ಗ್, ಆಲ್ಪೈನ್ ಕೂಡ ತಂಪು ಹವೆಯಲ್ಲೇ ಚೆನ್ನಾಗಿರುವಂಥವು. ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ. ಈ ಮೇಕೆಗಳು ಹಗಲು ಚಿಕ್ಕದಾಗುವ ಕಾಲದಲ್ಲಿ ಬೆದೆಗೆ ಬರುವಂಥವು. ಉಷ್ಣವಲಯದ ತಳಿಗಳು ವರ್ಷದ ಯಾವ ಕಾಲದಲ್ಲಾದರೂ ಬೆದೆಗೆ ಬರುತ್ತವೆ. ವರ್ಷವಿಡೀ ಸ್ವಲ್ಪ ಸ್ವಲ್ಪ ಹಾಲು ಬರುತ್ತಿರಲಿ ಅನ್ನುವ ಸಣ್ಣ ಮನೆಗೆ ಇದು ದೊಡ್ಡ ವ್ಯತ್ಯಾಸ.

ಆಂಗ್ಲೋ ನುಬಿಯನ್ ಬಗ್ಗೆ ಸ್ವಲ್ಪ ಆಸೆ ಆಗಿತ್ತು, ಸುಳ್ಳು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಅಲ್ಲಿನ ಮೇಕೆಗೆ ಭಾರತ, ಮಧ್ಯಪ್ರಾಚ್ಯ, ಆಫ್ರಿಕಾದ ಉದ್ದ ಕಿವಿಯ ಹೋತಗಳನ್ನು ಬೆರೆಸಿ ಮಾಡಿದ ತಳಿ ಅದು. ಹಾಲು ಸಾನೆನ್‌ಗಿಂತ ಕಡಿಮೆ, ಆದರೆ ಗಟ್ಟಿ. ಬಿಸಿಲನ್ನೂ ತಡೆಯುತ್ತದೆ. ಕೂಗು ಮಾತ್ರ ಜೋರು. ಮನೆ ಪಕ್ಕದಲ್ಲೇ ಕೊಟ್ಟಿಗೆ ಇರುವವರು ಕೊಳ್ಳುವ ಮುಂಚೆ ಒಂದು ಸಂಜೆ ಅದರ ಹತ್ತಿರ ನಿಂತು ಬರಬೇಕು. ಮೇವಿನ ಲೆಕ್ಕದಲ್ಲಿ ಅದೂ ನನಗೆ ದೊಡ್ಡದಾಯಿತು.

ಮಾಂಸದ ತಳಿಯಲ್ಲಿ ಬೋಯರ್. ದಕ್ಷಿಣ ಆಫ್ರಿಕಾದ್ದು, ಬಿಳಿ ಮೈ, ಕಂದು ತಲೆ, ಹೋತ 100 ಕೆಜಿ ದಾಟುತ್ತದೆ. ಮರಿ ಬೆಳೆಯುವ ವೇಗ ನೋಡಿದರೆ ಯಾರಿಗಾದರೂ ಬೇಕೆನಿಸುತ್ತದೆ. ಆದರೆ ಆ ವೇಗ ಇರುವುದು ತೊಟ್ಟಿ ತುಂಬಾ ತಿನ್ನಿಸುವವರಿಗೆ. ಅಮೆರಿಕದ ಟೆನೆಸ್ಸಿಯಲ್ಲಿ ಬೋಯರ್, ಕಿಕೋ, ಸ್ಪ್ಯಾನಿಷ್ ಎಂಬ ಮೂರು ತಳಿಗಳ ಹೆಣ್ಣು ಮೇಕೆಗಳನ್ನು ಒಟ್ಟಿಗೇ ಮೇಯಿಸಿ ಹೋಲಿಸಿದ್ದಾರೆ. ಸೆಖೆ, ತೇವ ಎರಡೂ ಇರುವ ಆ ಜಾಗದಲ್ಲಿ ಜಂತುಹುಳದ ಕಾಟ, ಗೊರಸಿನ ತೊಂದರೆ ಬೋಯರ್‌ಗೇ ಜಾಸ್ತಿ ಕಂಡಿತು. ಕಿಕೋ ನ್ಯೂಜಿಲೆಂಡಿನದು. ಅಲ್ಲಿನ ಕಾಡುಪಾಲಾದ ಮೇಕೆಗಳಿಗೆ ಹಾಲಿನ ತಳಿಯ ಹೋತ ಬಿಟ್ಟು, ಆರೈಕೆ ಇಲ್ಲದೆಯೂ ಬದುಕಿ ಬೆಳೆದವುಗಳನ್ನೇ ಆರಿಸುತ್ತ ಹೋಗಿ ಮಾಡಿದ ತಳಿ. ನನಗೆ ಕಿಕೋ ಸಿಗುವಂತಿರಲಿಲ್ಲ. ಆದರೆ ಅದನ್ನು ಮಾಡಿದ ರೀತಿ ತಲೆಯಲ್ಲಿ ಉಳಿಯಿತು. ತೂಕಕ್ಕಿಂತ ಮೊದಲು ಬದುಕಿ ಉಳಿಯುವುದನ್ನು ನೋಡುವುದು.

ಜಮುನಾಪಾರಿ ನೋಡಲು ರಾಜನಂತೆ. ಬಾಗಿದ ಮೂಗು, ಜೋಲುಕಿವಿ, ಎತ್ತರದ ಕಾಲು. ಅದು ತಲೆ ಎತ್ತಿ ಗಿಡ, ಪೊದೆಯ ಸೊಪ್ಪು ಕಿತ್ತು ತಿನ್ನುವ ಮೇಕೆ. ಉತ್ತರ ಪ್ರದೇಶದ ಇಟಾವಾ ಕಡೆಯ ನದಿ ಕೊರಕಲುಗಳಲ್ಲಿ ಅದಕ್ಕೆ ಬೇಕಾದಷ್ಟು ಪೊದೆ ಇದೆ. ನನ್ನ ಬದುವಿನಲ್ಲಿ ಎಲ್ಲಿಂದ ತರಲಿ? ಮರಿಯೂ ಸಾಮಾನ್ಯವಾಗಿ ಒಂದೇ. ಬಕ್ರೀದ್‌ಗೋ ಪ್ರದರ್ಶನಕ್ಕೋ ಒಂದೆರಡು ಹೋತ ಬೆಳೆಸುವವರ ಮಾತು ಬೇರೆ.

ಬ್ಲ್ಯಾಕ್ ಬೆಂಗಾಲ್ ಇದಕ್ಕೆ ತದ್ವಿರುದ್ಧ. ಪುಟ್ಟ ಮೇಕೆ, ಅವಳಿ ಮಾಮೂಲಿ, ತ್ರಿವಳಿಯೂ ಅಪರೂಪವಲ್ಲ. ಚರ್ಮಕ್ಕೆ ಹೆಸರುವಾಸಿ. ಆದರೆ ಹಾಲು ಮರಿಗಳಿಗೇ ಸಾಲದೆ ಹೋಗುವುದುಂಟು. ಮನೆಗೆ ಹಾಲು ಬೇಕೆನ್ನುವ ನನಗೆ ಅದು ಒಗ್ಗುವುದಿಲ್ಲ. ಬಾರ್ಬರಿ ಬಗ್ಗೆ ಮಾತ್ರ ಬಹಳ ಹೊತ್ತು ಯೋಚಿಸಿದೆ. ನೆಟ್ಟ ಸಣ್ಣ ಕಿವಿ, ಜಿಂಕೆಯಂಥ ಮಚ್ಚೆ, ಸಣ್ಣ ಮೈ, ಅವಳಿ ಮರಿ, ಕಟ್ಟಿ ಸಾಕಿದರೂ ಬೇಸರಿಸಿಕೊಳ್ಳದ ಸ್ವಭಾವ. ಮೇಯಿಸಲು ಒಂದು ಅಡಿ ಜಾಗವೂ ಇಲ್ಲದೆ ಪೂರ್ತಿ ಕೊಟ್ಟಿಗೆಯಲ್ಲೇ ಸಾಕುವವರು ಕೇಳಿದರೆ ನಾನು ಇವತ್ತೂ ಬಾರ್ಬರಿ ಎಂದೇ ಹೇಳುತ್ತೇನೆ.

ನಾನು ಕೊನೆಗೆ ಮಾಡಿದ್ದು ಇದು. ಹೆಣ್ಣು ಮೇಕೆ ನಾಟಿಯವೇ, ಸುತ್ತಮುತ್ತ ಮೇಯುತ್ತಿದ್ದ ಹಿಂಡುಗಳಿಂದ ಆರಿಸಿದ್ದು. ಹೋತ ಮಾತ್ರ ಸಿರೋಹಿ. ರಾಜಸ್ಥಾನದ ಈ ತಳಿ ಕಂದು ಮೈ, ಮೇಲೆ ಗಾಢ ಮಚ್ಚೆ, ಮೈ ದೊಡ್ಡದಾದರೂ ವಿಪರೀತವಲ್ಲ. ಒಣ ಹವೆಗೆ ಒಗ್ಗಿದ್ದು. ಅರ್ಧ ದಿನ ಬಯಲು, ಅರ್ಧ ದಿನ ಕೊಟ್ಟಿಗೆ ಎಂದರೆ ತಕರಾರಿಲ್ಲ. ಮಾಂಸ, ಹಾಲು ಎರಡರಲ್ಲೂ ಮಧ್ಯಮ. ಮಧ್ಯಮ ಅಂದರೆ ಕೆಲವರಿಗೆ ಸಪ್ಪೆ ಅನಿಸಬಹುದು. ನನ್ನಂಥ ಸಣ್ಣ ಹಿಡುವಳಿಗೆ ಅದೇ ಸರಿ.

ಹೆಣ್ಣು ನಾಟಿ ಯಾಕೆ? ಇಲ್ಲಿನ ಹುಳ, ಇಲ್ಲಿನ ಹುಲ್ಲು, ಇಲ್ಲಿನ ಮಳೆ ಎಲ್ಲಕ್ಕೂ ಅವು ತಲೆಮಾರುಗಳಿಂದ ಒಗ್ಗಿವೆ. ಹೊರಗಿನ ರಕ್ತ ಬೇಕಿದ್ದರೆ ಒಂದು ಹೋತದಿಂದ ತರಬಹುದು, ಹತ್ತು ಹೆಣ್ಣು ತರಬೇಕಿಲ್ಲ. ಬೆರಕೆ ಮರಿಗೆ ಮೊದಲ ಪೀಳಿಗೆಯಲ್ಲಿ ಹುರುಪು ಜಾಸ್ತಿ ಅನ್ನುವುದೂ ನಿಜ. ಹೋತ ಹೆಣ್ಣಿಗಿಂತ ತೀರಾ ದೊಡ್ಡದಿರಬಾರದು, ಅಷ್ಟು ಎಚ್ಚರ ಸಾಕು. ಇನ್ನೂ ಒಮ್ಮೆಯೂ ಈಯದ 20 ಕೆಜಿ ಪಡ್ಡೆ ಮೇಕೆಗೆ ಬೋಯರ್ ಹೋತ ಬಿಟ್ಟು ಮರಿ ಹೊರಬರದೆ ಒದ್ದಾಡಿದ್ದನ್ನು ಬೇರೆಯವರ ಕೊಟ್ಟಿಗೆಯಲ್ಲಿ ನೋಡಿದ್ದೇನೆ.

ಇನ್ನು ಮೇಕೆ ಆರಿಸುವ ಕೆಲಸ. ತಳಿ ಗೊತ್ತು ಮಾಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಇದೇ. ಒಂದೇ ತಳಿಯ ಎರಡು ಮೇಕೆಗಳ ನಡುವೆ ಇರುವ ಅಂತರ ಎಷ್ಟೋ ಸಲ ಎರಡು ತಳಿಗಳ ನಡುವಿನ ಅಂತರಕ್ಕಿಂತ ದೊಡ್ಡದು.

ಸಂತೆಯಲ್ಲಿ ನಾನು ಕೊಳ್ಳಲಿಲ್ಲ. ಸಂತೆಗೆ ಬರುವ ಹೆಣ್ಣು ಮೇಕೆ ಯಾಕೆ ಬಂತು ಅಂತ ಕೇಳಿಕೊಳ್ಳಬೇಕು. ಚೆನ್ನಾಗಿ ಈಯುವ ಮೇಕೆಯನ್ನು ಸುಮ್ನೆ ಯಾರೂ ಮಾರುವುದಿಲ್ಲ. ನಾನು ಹೋದದ್ದು ಹಿಂಡಿರುವವರ ಮನೆಗೆ, ಅದೂ ಸಂಜೆ, ಮೇಕೆ ಮೇದು ಬರುವ ಹೊತ್ತಿಗೆ. ಹಿಂದೆ ಬೀಳುವುದು ಯಾವುದು, ಕುಂಟುವುದು ಯಾವುದು, ಹೊಟ್ಟೆ ತುಂಬಿರುವುದು ಯಾವುದು ಎಲ್ಲ ಅಲ್ಲೇ ಕಾಣುತ್ತದೆ. ಎಡಗಡೆ ಪಕ್ಕೆಯ ಹಿಂದಿನ ಗುಳಿ ತುಂಬಿ ಸಮ ಆಗಿದ್ದರೆ ಚೆನ್ನಾಗಿ ಮೇದಿದೆ ಅಂತ. ಮರಿ ಬಿಟ್ಟಾಗ ಯಾವ ತಾಯಿ ಓಡಿ ಬಂದು ಮೂಸಿ ಹಾಲು ಕುಡಿಸಲು ನಿಲ್ಲುತ್ತದೆ, ಯಾವುದು ಒದೆಯುತ್ತದೆ ಅನ್ನುವುದೂ ಅದೇ ಹೊತ್ತಿಗೆ ಗೊತ್ತಾಗುತ್ತದೆ.

ಹಿಡಿದು ನೋಡುವಾಗ ಮೊದಲು ಕಣ್ಣು. ಹೆಬ್ಬೆರಳಲ್ಲಿ ಮೇಲಿನ ರೆಪ್ಪೆಯಿಂದ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒಳಗೆ ಒತ್ತಿ, ಇನ್ನೊಂದು ಹೆಬ್ಬೆರಳಲ್ಲಿ ಕೆಳರೆಪ್ಪೆ ಕೆಳಗೆ ಎಳೆದರೆ ಒಳಗಿನ ಪೊರೆ ಹೊರಗೆ ಕಾಣುತ್ತದೆ. ಕೆಂಪಗಿದ್ದರೆ ಒಳ್ಳೇದು. ತಿಳಿ ಗುಲಾಬಿ ಆಗಿದ್ದರೆ ಅನುಮಾನ. ಬೆಳ್ಳಗಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳ ಕೂತಿರುವ ಸಾಧ್ಯತೆ ಜಾಸ್ತಿ. ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗೆಂದು ಈ ಪರೀಕ್ಷೆಗೆ 1ರಿಂದ 5ರವರೆಗೆ ಬಣ್ಣದ ಪಟ್ಟಿಯೇ ಮಾಡಿದ್ದಾರೆ, ಫಮಾಚ ಅಂತ ಹೆಸರು. ನೆರಳಲ್ಲಿ ನೋಡಬಾರದು, ಹಗಲು ಬೆಳಕಲ್ಲೇ ನೋಡಬೇಕು. ಇಡೀ ಹಿಂಡು ಬೆಳ್ಳಗಿದ್ದು ಒಂದೆರಡರ ಕಣ್ಣು ಮಾತ್ರ ಕೆಂಪಗಿದ್ದರೆ, ನನಗೆ ಬೇಕಾದ ಮೇಕೆ ಅವೇ. ಅದೇ ನೆಲದಲ್ಲಿ ಮೇದೂ ಹುಳವನ್ನು ತಡೆದುಕೊಂಡಿವೆ.

ಆಮೇಲೆ ಹಲ್ಲು. ಮೇಲಿನ ದವಡೆಯಲ್ಲಿ ಮುಂದಿನ ಹಲ್ಲು ಇರುವುದೇ ಇಲ್ಲ, ಕೆಳಗಿನದನ್ನೇ ನೋಡುವುದು. ಎಂಟೂ ಸಣ್ಣ ಹಾಲುಹಲ್ಲಾದರೆ ಇನ್ನೂ ಮರಿ. ಮಧ್ಯದ ಎರಡು ಅಗಲ ಹಲ್ಲು ಬಂದಿದ್ದರೆ ವರ್ಷದಿಂದ ಒಂದೂವರೆ ವರ್ಷ. ನಾಲ್ಕು ಇದ್ದರೆ ಸುಮಾರು ಎರಡು, ಆರಿದ್ದರೆ ಮೂರು, ಎಂಟಾದರೆ ನಾಲ್ಕು. ನಾನು ಆರಿಸಿದ್ದು ಹೆಚ್ಚಾಗಿ ನಾಲ್ಕು ಹಲ್ಲಿನವು, ಒಂದು ಸಲ ಈದವು. ಪಡ್ಡೆ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ತಾಯಿಯಾಗಿ ಹೇಗೆ ಅನ್ನುವುದು ಯಾರಿಗೆ ಗೊತ್ತು?

ಕೆಚ್ಚಲನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಎರಡೂ ಕಡೆ ಸಮ ಇರಬೇಕು, ಹಿಂಡಿದ ಮೇಲೆ ಮೆತ್ತಗಾಗಬೇಕು. ಒಳಗೆ ಗಂಟು ಸಿಕ್ಕರೆ ಹಿಂದೆ ಕೆಚ್ಚಲು ಬಾವು ಬಂದು ಹೋಗಿದೆ ಎಂದರ್ಥ. ಮೊಲೆ ಎರಡೇ ಇರಬೇಕು. ಕೆಲವಕ್ಕೆ ಪಕ್ಕದಲ್ಲಿ ಇನ್ನೊಂದು ಪುಟ್ಟದು ಇರುತ್ತದೆ, ಆ ಗುಣ ಮರಿಗೂ ಬರುತ್ತದೆ. ಮೊದಲ ಒಂದೆರಡು ಗೆರೆ ಹಾಲನ್ನು ಅಂಗೈಗೇ ಹಿಂಡಿಕೊಂಡು ನೋಡಿದೆ. ಗರಣೆ ಇದ್ದರೆ, ನೀರುನೀರಾಗಿದ್ದರೆ, ಕೆಂಪು ಛಾಯೆ ಇದ್ದರೆ ಆ ಮೇಕೆಗೊಂದು ನಮಸ್ಕಾರ.

ಹೋತಕ್ಕೆ ಇನ್ನೂ ಬಿಗಿ ಲೆಕ್ಕ. ಹಿಂಡಿನ ಪ್ರತಿ ಮರಿಯಲ್ಲೂ ಅರ್ಧ ಪಾಲು ಅದರದ್ದೇ. ಬೀಜ ಎರಡೂ ಇಳಿದಿರಬೇಕು, ಸಮ ಇರಬೇಕು, ಗಟ್ಟಿ ಇರಬೇಕು. ಹಿಂಗಾಲು ನೆಟ್ಟಗಿರಬೇಕು. ಅವಳಿಯಾಗಿ ಹುಟ್ಟಿದ್ದಾದರೆ ಒಳ್ಳೇದು. ಅದರ ತಾಯಿಯನ್ನು ತೋರಿಸಿ ಅಂತ ಹಟ ಹಿಡಿದೆ. ಹೋತದ ಮೈಯಲ್ಲಿ ಹಾಲು ಕಾಣುವುದಿಲ್ಲ, ತಾಯಿಯ ಕೆಚ್ಚಲಲ್ಲಿ ಕಾಣುತ್ತದೆ.

ಕೊಂಬಿನ ವಿಷಯ ಒಂದು ಹೇಳಿಬಿಡುತ್ತೇನೆ. ಹಾಯುವ ಕಾಟ ಇಲ್ಲ ಅಂತ ಬೋಳು ಮೇಕೆಯನ್ನು ಇಷ್ಟಪಡುವವರಿದ್ದಾರೆ. ಹುಟ್ಟಾ ಬೋಳು ಹೆಣ್ಣಿಗೆ ಹುಟ್ಟಾ ಬೋಳು ಹೋತ ಬಿಟ್ಟರೆ, ಹುಟ್ಟುವ ಕೆಲವು ಹೆಣ್ಣು ಮರಿಗಳು ಅತ್ತ ಹೆಣ್ಣೂ ಅಲ್ಲ ಇತ್ತ ಗಂಡೂ ಅಲ್ಲ ಎನ್ನುವಂತೆ ಆಗಬಹುದು. ಕೊಂಬಿಲ್ಲದ ಗುಣದ ಜೊತೆಗೇ ಅದೂ ಅಂಟಿಕೊಂಡು ಬರುತ್ತದೆ. ಅಂಥ ಮರಿ ಗಬ್ಬ ಕಟ್ಟುವುದಿಲ್ಲ. ಹೋತ, ಹೆಣ್ಣು ಎರಡರಲ್ಲಿ ಒಂದಕ್ಕಾದರೂ ಕೊಂಬಿರಲಿ. ನನ್ನ ಹೋತಕ್ಕೆ ಕೊಂಬಿದೆ, ಹಾಗಾಗಿ ಹೆಣ್ಣು ಬೋಳಾದರೂ ತಲೆನೋವಿಲ್ಲ.

ತಂದ ಮೇಲೆ ಒಂದು ತಿಂಗಳು ಬೇರೆ ಕಡೆ ಕಟ್ಟಿದೆ. ಜಂತುಹುಳಕ್ಕೆ ಔಷಧಿ, ಪಿಪಿಆರ್ ಎಂಬ ಅಂಟುರೋಗಕ್ಕೆ ಮತ್ತು ಕರುಳು ಬೇನೆಗೆ ಲಸಿಕೆ, ಎಲ್ಲ ಪಶುವೈದ್ಯರು ಹೇಳಿದ ಹಾಗೆ. ಹಳೇ ಜಾಗದ ಮೇವು ಸ್ವಲ್ಪ ಜೊತೆಗೇ ತಂದು, ಹೊಸ ಮೇವನ್ನು ದಿನಾ ಚೂರು ಚೂರೇ ಜಾಸ್ತಿ ಮಾಡುತ್ತ ಹೋದೆ.

ಗಬ್ಬ ಸುಮಾರು 150 ದಿನ. ಮೊದಲ ಸೂಲಿನ ಬೆರಕೆ ಮರಿಗಳು ಹುಟ್ಟಿದಾಗಲೇ ನಾಟಿ ಮರಿಗಿಂತ ಉದ್ದ ಕಾಲಿನವು. ಬಣ್ಣ ಒಂದೊಂದರದ್ದೂ ಒಂದೊಂದು, ಕಿವಿ ಕೆಲವಕ್ಕೆ ತಾಯಿಯದ್ದು, ಕೆಲವಕ್ಕೆ ಅಪ್ಪನದ್ದು. ಮರಿ ಕೊಳ್ಳುವವರು ತೂಕ ನೋಡುತ್ತಾರೆಯೇ ಹೊರತು ಕಿವಿ ನೋಡುವುದಿಲ್ಲ. ಆದರೆ ತಳಿ ಮರಿ ಅಂತ ಮಾರಲು ಬೆರಕೆ ಬರುವುದಿಲ್ಲ. ಅದೇ ವ್ಯಾಪಾರ ಮಾಡುವ ಆಸೆ ಇದ್ದವರು ಅಪ್ಪಟ ತಳಿಯನ್ನೇ ಕಟ್ಟಬೇಕು, ಅದರ ದಾಖಲೆ ಬರೆದಿಡುವ ತಾಳ್ಮೆಯೂ ಬೇಕು. ಹಾಲು ಮರಿ ಕುಡಿದು ಮನೆಗೆ ಸಾಕಾಗುತ್ತದೆ. ಮಾರುವಷ್ಟಿಲ್ಲ, ಮಾರುವ ಯೋಚನೆಯೂ ಇರಲಿಲ್ಲ.

ಗಂಡು ಮರಿಗಳನ್ನು ಮೂರು ತಿಂಗಳಿಗೇ ಬೇರೆ ಮಾಡುತ್ತೇನೆ. ಇನ್ನೂ ಹಾಲು ಕುಡಿಯುವ ಮರಿ ಅಂತ ಬಿಟ್ಟರೆ ತಾಯಿ, ತಂಗಿ ಅಂತ ನೋಡದೆ ಹಾರುತ್ತವೆ. ಪ್ರತಿ ಮೇಕೆಯ ಈದ ದಿನ, ಮರಿ ಎಷ್ಟು, ಮೂರು ತಿಂಗಳಿಗೆ ತೂಕ ಎಷ್ಟು ಅನ್ನುವುದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯುತ್ತೇನೆ. ಸತತವಾಗಿ ಒಂಟಿ ಮರಿ ಹಾಕಿದವು, ಹುಳದ ಔಷಧಿ ಪದೇ ಪದೇ ಕೇಳಿದವು ಮಾರಾಟಕ್ಕೆ ಹೋದವು. ಅವುಗಳ ಜಾಗದಲ್ಲಿ ಉಳಿಸಿಕೊಂಡದ್ದು ಒಳ್ಳೆ ತಾಯಂದಿರ ಹೆಣ್ಣು ಮರಿಗಳನ್ನು.

ಆ ಹೆಣ್ಣು ಮರಿಗಳು ಈಗ ಬೆದೆಗೆ ಬರುವ ವಯಸ್ಸಿಗೆ ಬಂದಿವೆ. ಅಪ್ಪನನ್ನೇ ಮಗಳಿಗೆ ಬಿಡುವ ಹಾಗಿಲ್ಲ, ಹೋತ ಬದಲಿಸಬೇಕು. ಇನ್ನೊಂದು ಸಿರೋಹಿಯನ್ನೇ ತರುವುದೋ, ಹಾಲು ಸ್ವಲ್ಪ ಏರಲಿ ಅಂತ ಪಂಜಾಬಿನ ಬೀಟಲ್ ತರುವುದೋ ಅಂತ ಮನೆಯಲ್ಲಿ ಮಾತು ನಡೆಯುತ್ತಿದೆ. ಬೀಟಲ್ ಮೈ ದೊಡ್ಡದು, ಅದರ ಮರಿ ತಿನ್ನುವುದೂ ಜಾಸ್ತಿ. ಅಗಸೆ ಸಾಲು ಇನ್ನೊಂದು ಬೇಲಿಗೂ ಹಾಕಿದ್ದೇವೆ. ಈ ಸಲ ಹಸಿರು ಕಡಿಮೆಯಾಗುವ ತಿಂಗಳಲ್ಲಿ ಮತ್ತೆ ಕೊಯ್ದು ತೂಗಿ ನೋಡಿ, ಆಮೇಲೆ ಹೋತ ಹುಡುಕಲು ಹೊರಡುತ್ತೇನೆ.